ಮುಚ್ಚಳ ನೋಡಿ ಡಬ್ಬಿ ಕೊಳ್ಳಿ: ನಾಲ್ಕು ಕೊಂಡಿಯ ಗಾಜಿನ ಡಬ್ಬಿಗಳ ವಿಮರ್ಶೆ

ಅಡುಗೆಮನೆಗೆ ಡಬ್ಬಿ ಕೊಳ್ಳುವಾಗ ನಾವು ಗಾತ್ರ ನೋಡುತ್ತೇವೆ, ಬಣ್ಣ ನೋಡುತ್ತೇವೆ, ಗಾಜೋ ಸ್ಟೀಲೋ ಪ್ಲಾಸ್ಟಿಕ್ಕೋ ಎಂದು ವಿಚಾರಿಸುತ್ತೇವೆ; ಮುಚ್ಚಳವನ್ನು ತೆಗೆದು ಮಗುಚಿ ಅದರ ಒಳಭಾಗವನ್ನು ಪರೀಕ್ಷಿಸುವವರು ಕಡಿಮೆ. ಆದರೆ ಡಬ್ಬಿಯೊಂದು ಎಷ್ಟು ವರ್ಷ ಬಾಳುತ್ತದೆ ಎಂಬುದು ತೀರ್ಮಾನವಾಗುವುದು ಮುಚ್ಚಳದಲ್ಲಿಯೇ. ಗಾಜು ಕೈಜಾರಿ ಬೀಳದಿದ್ದರೆ ದಶಕಗಳ ಕಾಲ ಹಾಗೆಯೇ ಇರುತ್ತದೆ, ಸ್ಟೀಲು ತಲೆಮಾರು ದಾಟುತ್ತದೆ. ಮೊದಲು ಸಡಿಲವಾಗುವುದು, ವಾಸನೆ ಹಿಡಿಯುವುದು, ಸೀಳುವುದು ಎಲ್ಲವೂ ಮುಚ್ಚಳ. ಆದ್ದರಿಂದ ಈಗ ಎಲ್ಲ ಊರುಗಳ ಪಾತ್ರೆ ಅಂಗಡಿಗಳಲ್ಲೂ ಸಿಗುವ ನಾಲ್ಕು ಬದಿಗೂ ಕೊಂಡಿಯಿರುವ ಗಾಜಿನ ಡಬ್ಬಿಗಳನ್ನು ಅವುಗಳ ಮುಚ್ಚಳದ ವಿನ್ಯಾಸವನ್ನೇ ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಿದ್ದೇನೆ.

ನಮ್ಮ ಮನೆಯಲ್ಲಿ ಬಳಕೆಯಲ್ಲಿರುವುದು ದೇಶೀಯ ತಯಾರಕರೊಬ್ಬರ ಸೆಟ್ಟು. ಇದರಲ್ಲಿ ಚೌಕ, ಆಯತ ಮತ್ತು ದುಂಡು ಆಕಾರದ ಬೊರೋಸಿಲಿಕೇಟ್ ಗಾಜಿನ ಡಬ್ಬಿಗಳಿವೆ. ಮುಚ್ಚಳ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು. ಅದರ ಒಳ ಅಂಚಿನ ಸುತ್ತ ಒಂದು ತೋಡು, ಆ ತೋಡಿನಲ್ಲಿ ಕೂತಿರುವ ಸಿಲಿಕೋನ್ ಗ್ಯಾಸ್ಕೆಟ್ (ಸಂದು ಮುಚ್ಚುವ ರಬ್ಬರಿನಂಥ ಮೆತ್ತನೆಯ ಬಳೆ), ನಾಲ್ಕು ಬದಿಗಳಲ್ಲಿ ಕೆಳಕ್ಕೆ ಮಡಚಿ ಗಾಜಿನ ಅಂಚಿನಡಿಗೆ ಸಿಕ್ಕಿಸುವ ಕೊಂಡಿಗಳು. ಹುಳಿ, ಪಲ್ಯ, ಹೆಚ್ಚಿದ ತರಕಾರಿ, ತುರಿದ ಕಾಯಿ, ಮಳೆಗಾಲದ ಕುರುಕು ತಿಂಡಿ ಎಲ್ಲವನ್ನೂ ಇವುಗಳಲ್ಲಿ ಇಟ್ಟು ನೋಡಿದ ಮೇಲೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಮೊದಲು ಈ ವಿನ್ಯಾಸದ ಜಾಣ್ಮೆಯನ್ನು ಹೇಳಬೇಕು. ಕೊಂಡಿ ಮತ್ತು ಮುಚ್ಚಳದ ನಡುವೆ ಲೋಹದ ಕೀಲಾಗಲಿ ಕಡ್ಡಿಯಾಗಲಿ ಇಲ್ಲ. ಎರಡೂ ಒಂದೇ ಅಚ್ಚಿನಲ್ಲಿ ಒಟ್ಟಿಗೆ ಎರಕವಾದವು. ಅವು ಸೇರುವ ಗೆರೆಯಲ್ಲಿ ಪ್ಲಾಸ್ಟಿಕ್ಕನ್ನು ಸುಮಾರು ಅರ್ಧ ಮಿಲಿಮೀಟರಿನಷ್ಟು ತೆಳುವಾಗಿ ಬಿಟ್ಟಿರುತ್ತಾರೆ. ಬೇರೆ ಬಹುತೇಕ ಪ್ಲಾಸ್ಟಿಕ್ಕುಗಳು ಹೀಗೆ ಮತ್ತೆ ಮತ್ತೆ ಮಡಚಿದರೆ ಬೇಗ ಮುರಿಯುತ್ತವೆ. ಪಾಲಿಪ್ರೊಪಿಲೀನ್ ಹಾಗಲ್ಲ, ಮೊದಲ ಮಡಿಕೆಗಳಲ್ಲಿಯೇ ಅದರ ಅಣುಗಳ ಉದ್ದನೆಯ ಸರಪಳಿಗಳು ಎಳೆತದ ದಿಕ್ಕಿಗೆ ಸಾಲುಗೂಡಿ ಆ ತೆಳು ಗೆರೆ ಗಟ್ಟಿಯಾಗುತ್ತದೆ, ಸರಿಯಾಗಿ ಎರಕವಾದ ಕೀಲು ಸಾವಿರಾರು ಸಲ ಮಡಚಿದರೂ ತಾಳುತ್ತದೆ. ಈ ಬಗೆಯ ಮುಚ್ಚಳವನ್ನು ಜಗತ್ತಿನ ಅಡುಗೆಮನೆಗಳಿಗೆ ಪರಿಚಯಿಸಿ ಜನಪ್ರಿಯಗೊಳಿಸಿದ್ದು 1990ರ ದಶಕದ ಕೊನೆಯಲ್ಲಿ ದಕ್ಷಿಣ ಕೊರಿಯಾದ ಲಾಕ್ ಅಂಡ್ ಲಾಕ್ ಕಂಪನಿ. ಕಿಮ್ಚಿಯಂತಹ ಘಾಟು ವಾಸನೆಯ ಪದಾರ್ಥ ಪ್ರತಿ ಮನೆಯ ಫ್ರಿಜ್ಜಿನಲ್ಲೂ ಇರುವ ನಾಡಿನಲ್ಲಿ ಇಂತಹ ಮುಚ್ಚಳ ರೂಪುಗೊಂಡದ್ದು ಸಹಜವೆಂದು ನನಗೆ ಅನ್ನಿಸುತ್ತದೆ. ಬೆಳ್ಳುಳ್ಳಿ ಒಗ್ಗರಣೆ, ಇಂಗು, ಮೀನು ಸಾರು ಇರುವ ನಮ್ಮ ಮನೆಗಳಿಗೂ ಅದೇ ಅಗತ್ಯವಿದೆ.

ಸೋರಿಕೆಯ ವಿಷಯದಲ್ಲಿ ಈ ಡಬ್ಬಿಗಳಿಗೆ ಒಳ್ಳೆಯ ಅಂಕ ಕೊಡಬಹುದು, ಆದರೆ ಎಲ್ಲ ಆಕಾರಗಳಿಗೂ ಒಂದೇ ಅಂಕವಲ್ಲ. ಕೊಂಡಿ ಒತ್ತುವುದು ತಾನಿರುವ ಜಾಗವನ್ನು ಮಾತ್ರ. ಎರಡು ಕೊಂಡಿಗಳ ನಡುವಿನ ಉಳಿದ ಅಂಚನ್ನು ಒತ್ತಿ ಹಿಡಿಯಬೇಕಾದದ್ದು ಮುಚ್ಚಳದ ಬಿಗುವು. ದುಂಡು ಮತ್ತು ಸಣ್ಣ ಚೌಕದ ಡಬ್ಬಿಗಳಲ್ಲಿ ಈ ದೂರ ಕಡಿಮೆಯಾದ್ದರಿಂದ ಗ್ಯಾಸ್ಕೆಟ್ಟು ಸುತ್ತಲೂ ಹೆಚ್ಚುಕಡಿಮೆ ಒಂದೇ ಸಮನಾಗಿ ಅದುಮಿಕೊಳ್ಳುತ್ತದೆ. ಉದ್ದನೆಯ ಆಯತಾಕಾರದ ದೊಡ್ಡ ಡಬ್ಬಿಯಲ್ಲಿ ಉದ್ದದ ಬದಿಗೂ ನಡುವೆ ಒಂದೇ ಕೊಂಡಿ ಕೊಟ್ಟಿದ್ದಾರೆ. ಮೂಲೆಗಳ ಕಡೆ ಮುಚ್ಚಳ ಕೂದಲೆಳೆಯಷ್ಟು ಮೇಲೇಳುತ್ತದೆ. ತಿಳಿಸಾರು ತುಂಬಿ ಚೀಲದಲ್ಲಿ ಅಡ್ಡಲಾಗಿ ಇಟ್ಟಾಗ ಸಣ್ಣ ಡಬ್ಬಿ ಒಂದು ಹನಿಯನ್ನೂ ಬಿಡಲಿಲ್ಲ, ದೊಡ್ಡದು ಮೂಲೆಯಲ್ಲಿ ಜಿನುಗಿತು. ಉದ್ದದ ಬದಿಗೆ ಎರಡು ಕೊಂಡಿ ಕೊಡುವುದು, ಇಲ್ಲವೇ ಮುಚ್ಚಳದ ಮೇಲ್ಭಾಗಕ್ಕೆ ಉಬ್ಬು ಪಟ್ಟಿಗಳನ್ನು ಹಾಕಿ ಬಿಗುವು ಹೆಚ್ಚಿಸುವುದು ವಿನ್ಯಾಸಕಾರರಿಗೆ ತಿಳಿಯದ ಉಪಾಯವಲ್ಲ. ನಯವಾದ ಚಪ್ಪಟೆ ಮೇಲ್ಮೈ ನೋಡಲು ಚೆನ್ನಾಗಿರುತ್ತದೆ ಎಂಬ ಕಾರಣಕ್ಕೆ ಆ ಪಟ್ಟಿಗಳನ್ನು ಕೈಬಿಟ್ಟಿದ್ದರೆ ಅದು ತಪ್ಪು ಆಯ್ಕೆ.

ಅಂಗಡಿಯಲ್ಲಿಯೇ ಇದನ್ನು ಪರೀಕ್ಷಿಸಲು ಸುಲಭ ದಾರಿಯಿದೆ. ಮುಚ್ಚಳ ಮತ್ತು ಡಬ್ಬಿಯ ನಡುವೆ ಒಂದು ಚೂರು ಕಾಗದ ಸಿಕ್ಕಿಸಿ, ಕೊಂಡಿಗಳನ್ನೆಲ್ಲ ಹಾಕಿ, ಕಾಗದವನ್ನು ಎಳೆದು ನೋಡಬೇಕು. ಅದು ಕೊಂಡಿಯ ಬಳಿ ಬಿಗಿಯಾಗಿದ್ದು ಮೂಲೆಯಲ್ಲಿ ಸಲೀಸಾಗಿ ಜಾರಿ ಬಂದರೆ ಆ ಡಬ್ಬಿಯಲ್ಲಿ ಸಾರು ಒಯ್ಯುವ ಆಸೆ ಬಿಡಬೇಕು. ಮನೆಗೆ ತಂದ ಮೇಲೆ ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ, ಒಣ ಟಿಶ್ಯೂ ಕಾಗದವೊಂದನ್ನು ಒಳಗಿಟ್ಟು ಮುಚ್ಚಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಹೊರಳಿಸಿದರೆ ಸಾಕು. ಒಂದೇ ಹನಿ ಒಳಹೊಕ್ಕರೂ ಕಾಗದ ಹೇಳಿಬಿಡುತ್ತದೆ.

ನನ್ನ ದೃಷ್ಟಿಯಲ್ಲಿ ಮುಚ್ಚಳವೊಂದರ ನಿಜವಾದ ಪರೀಕ್ಷೆ ಅದನ್ನು ಮುಚ್ಚುವಾಗ ಆಗುವುದಿಲ್ಲ, ತೊಳೆಯುವಾಗ ಆಗುತ್ತದೆ. ಗ್ಯಾಸ್ಕೆಟ್ಟು ಕೂರುವ ತೋಡಿಗೆ ಸಾರಿನ ಪಸೆ, ಎಣ್ಣೆಯ ಜಿಡ್ಡು ಮತ್ತು ತೊಳೆದ ನೀರು ಮೂರೂ ಇಳಿಯುತ್ತವೆ. ಅಲ್ಲಿಗೆ ಗಾಳಿಯಾಡುವುದಿಲ್ಲ, ನಾರು ತಲುಪುವುದಿಲ್ಲ. ಕೆಲವೇ ವಾರಗಳಲ್ಲಿ ಗ್ಯಾಸ್ಕೆಟ್ಟಿನ ಕೆಳಗೆ ಕಪ್ಪು ಬೂಷ್ಟು ಕಾಣಿಸಿಕೊಳ್ಳುತ್ತದೆ, ಮುಚ್ಚಳ ತೆಗೆದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಆದ್ದರಿಂದ ಗ್ಯಾಸ್ಕೆಟ್ಟು ಕೈಯಿಂದ ಬಿಡಿಸಲು ಬರುವಂತಿರಲೇಬೇಕು. ನಾವು ತಂದ ಸೆಟ್ಟಿನಲ್ಲಿ ಅದು ಬಿಡಿಸಲು ಬರುತ್ತದೆ ಎಂಬುದು ಇದರ ದೊಡ್ಡ ಗುಣ. ಆದರೆ ಹಿಡಿದೆಳೆಯಲು ಗ್ಯಾಸ್ಕೆಟ್ಟಿನಲ್ಲಿ ಒಂದು ಸಣ್ಣ ಕಿವಿಯನ್ನೂ ಬಿಟ್ಟಿಲ್ಲ. ಚಮಚದ ಹಿಡಿಕೆಯಿಂದ ಮೀಟಿ ತೆಗೆಯಬೇಕು. ಚಾಕುವಿನ ತುದಿಯನ್ನು ಮಾತ್ರ ಯಾರೂ ಬಳಸಬಾರದು, ಸಿಲಿಕೋನಿಗೆ ಒಂದು ಗೀರು ಬಿದ್ದರೆ ಅಲ್ಲಿಂದಲೇ ಸೋರಿಕೆ ಶುರುವಾಗುತ್ತದೆ. ತೋಡು ಆಳವಾಗಿ ಕಿರಿದಾಗಿರುವ ಬದಲು ಆಳ ಕಡಿಮೆಯಾಗಿ ಸ್ವಲ್ಪ ಅಗಲವಾಗಿದ್ದಿದ್ದರೆ ಬಟ್ಟೆಯ ಅಂಚಿನಿಂದಲೇ ಒರೆಸಿಬಿಡಬಹುದಿತ್ತು. ಗ್ಯಾಸ್ಕೆಟ್ಟನ್ನು ಮುಚ್ಚಳಕ್ಕೆ ಅಂಟಿಸಿಯೇ ಕೊಡುವ ಡಬ್ಬಿಗಳೂ ಮಾರುಕಟ್ಟೆಯಲ್ಲಿವೆ. ಅವುಗಳ ಸೀಲು ಎಷ್ಟೇ ಭದ್ರವಾಗಿರಲಿ, ನಮ್ಮ ಹವೆಗೆ, ನಮ್ಮ ಅಡುಗೆಗೆ ಅವನ್ನು ನಾನು ಶಿಫಾರಸು ಮಾಡಲಾರೆ.

ಸಿಲಿಕೋನು ಶಾಖವನ್ನು ಚೆನ್ನಾಗಿ ತಾಳುತ್ತದೆ, ಚಳಿಯಲ್ಲಿಯೂ ಮೃದುವಾಗಿಯೇ ಇರುತ್ತದೆ. ಆದರೆ ವಾಸನೆಯನ್ನೂ ಬಣ್ಣವನ್ನೂ ಹೀರಿಕೊಳ್ಳುತ್ತದೆ. ಅರಿಸಿನದ ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದಾದ್ದರಿಂದ ಒಗ್ಗರಣೆ ಹಾಕಿದ ಪಲ್ಯ ತಗುಲಿದ ಗ್ಯಾಸ್ಕೆಟ್ಟು ಹಳದಿಯಾಗುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಆ ಹಳದಿ ಬಹುಮಟ್ಟಿಗೆ ಮಾಸುತ್ತದೆ, ಹುಳಿಯ ವಾಸನೆ ಮಾತ್ರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹುಳಿ–ಸಾರಿನ ಡಬ್ಬಿಗೆ ಒಂದು, ಹಣ್ಣು–ಸಿಹಿತಿಂಡಿಯ ಡಬ್ಬಿಗೆ ಇನ್ನೊಂದು ಎಂದು ಮುಚ್ಚಳಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಬಿಸಿ ಅಡುಗೆಯನ್ನು ತುಂಬಿ ತಕ್ಷಣ ನಾಲ್ಕೂ ಕೊಂಡಿ ಹಾಕುವವರು ಒಂದು ವಿಷಯ ತಿಳಿದಿರಬೇಕು. ಒಳಗಿನ ಹಬೆ ತಣಿದು ನೀರಾದಂತೆ ಡಬ್ಬಿಯೊಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒಳಕ್ಕೆ ಒತ್ತುತ್ತದೆ; ಕೊಂಡಿ ಬಿಚ್ಚಿದರೂ ಮುಚ್ಚಳ ಮೇಲೇಳುವುದಿಲ್ಲ. ಕೀಲುನೋವಿರುವ ಹಿರಿಯರ ಕೈಗೆ ಇದು ನಿಜವಾದ ತೊಂದರೆ. ಹೀಗೆ ಕಚ್ಚಿಕೊಂಡಾಗ ಅಂಚಿನ ಸುತ್ತ ಬಿಸಿನೀರು ಹನಿಸಿ, ಒಂದು ಮೂಲೆಯಲ್ಲಿ ಗ್ಯಾಸ್ಕೆಟ್ಟನ್ನು ಮೆಲ್ಲಗೆ ಮೀಟಿ ಗಾಳಿ ಒಳಗೆ ಹೋಗುವಂತೆ ಮಾಡಿದರೆ ಬಿಡುತ್ತದೆ. ಕೆಲವು ಮುಚ್ಚಳಗಳ ನಡುವೆ ಎತ್ತಿ ತೆರೆಯಬಹುದಾದ ಸಣ್ಣ ರಬ್ಬರ್ ಬಿರಡೆ ಕೊಟ್ಟಿರುತ್ತಾರೆ. ಒತ್ತಡ ಸರಿಹೋಗಲು ಅದೊಂದು ಸಾಕು, ಮೈಕ್ರೊವೇವಿನಲ್ಲಿ ಬಿಸಿ ಮಾಡುವಾಗ ಹಬೆ ಹೋಗುವ ದಾರಿಯೂ ಅದೇ ಆಗುತ್ತದೆ. ನಮ್ಮ ಸೆಟ್ಟಿನಲ್ಲಿ ಅದಿಲ್ಲ. ಮುಂದಿನ ಸಲ ಕೊಳ್ಳುವುದಾದರೆ ಬಿರಡೆಯಿರುವ ಮುಚ್ಚಳವನ್ನೇ ಹುಡುಕುತ್ತೇನೆ, ಆದರೆ ಆ ಬಿರಡೆಯೂ ಬಿಡಿಸಿ ತೊಳೆಯಲು ಬರಬೇಕೆಂಬುದು ನನ್ನ ಷರತ್ತು.

ಫ್ರೀಜರಿನ ಬಳಕೆಯ ಬಗ್ಗೆಯೂ ಎರಡು ಮಾತು. ಪಾಲಿಪ್ರೊಪಿಲೀನ್ ಶೂನ್ಯ ಡಿಗ್ರಿಯ ಆಸುಪಾಸಿನಿಂದ ಕೆಳಗೆ ಬಿರುಸಾಗುತ್ತದೆ. ತುರಿದ ಕಾಯಿಯ ಡಬ್ಬಿಯನ್ನು ಫ್ರೀಜರಿನಿಂದ ತೆಗೆದ ತಕ್ಷಣ ಕೊಂಡಿಯನ್ನು ರಭಸದಿಂದ ಎಳೆದರೆ ಕೀಲು ಸೀಳುವುದು ಆಗಲೇ. ನಮ್ಮಲ್ಲಿ ಮುರಿದ ಕೊಂಡಿಯೂ ಹೀಗೆಯೇ ಮುರಿದದ್ದು. ಕೆಲವು ನಿಮಿಷ ಹೊರಗಿಟ್ಟು ತೆರೆಯಬೇಕು. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುವುದರಿಂದ ಸಾರಿನಂಥದ್ದನ್ನು ಅಂಚಿನವರೆಗೆ ತುಂಬಲೂಬಾರದು.

ಕುರುಕು ತಿಂಡಿಯ ಪರೀಕ್ಷೆಯಲ್ಲಿ ಈ ಡಬ್ಬಿಗಳು ನನಗೆ ಸಂತೋಷ ಕೊಟ್ಟವು. ಮಳೆಗಾಲದಲ್ಲಿ ಕೋಡುಬಳೆ, ಚಕ್ಕುಲಿ, ಹುರಿಗಾಳು ಮೆತ್ತಗಾಗದಂತೆ ಇಡುವುದು ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ದಿನನಿತ್ಯದ ಚಿಂತೆ. ಸಾಮಾನ್ಯ ಸ್ಟೀಲ್ ಡಬ್ಬಿಯ ಮುಚ್ಚಳ ಲೋಹಕ್ಕೆ ಲೋಹ ಉಜ್ಜಿ ಕೂರುವಂಥದ್ದು. ಒಮ್ಮೆ ನೆಗ್ಗಿದರೆ ಸುತ್ತ ಸಂದು ಉಳಿದೇ ಉಳಿಯುತ್ತದೆ. ಗ್ಯಾಸ್ಕೆಟ್ಟಿನ ಡಬ್ಬಿಯಲ್ಲಿ ಕೋಡುಬಳೆ ಅದಕ್ಕಿಂತ ಬಹಳ ಹೆಚ್ಚು ದಿನ ಗರಿಗರಿಯಾಗಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ: ಸಿಲಿಕೋನು ದ್ರವವನ್ನು ತಡೆದಷ್ಟು ಚೆನ್ನಾಗಿ ನೀರಿನ ಆವಿಯನ್ನು ತಡೆಯುವುದಿಲ್ಲ, ಆವಿ ಅದರ ಮೂಲಕ ನಿಧಾನವಾಗಿ ದಾಟುತ್ತದೆ. ಆದರೆ ದಿನವೂ ತೆರೆಯುವ ಡಬ್ಬಿಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ತೇವ ಮುಚ್ಚಳ ತೆಗೆದಾಗಲೆಲ್ಲ ಒಳನುಗ್ಗುತ್ತದೆ. ಒಂದು ದೊಡ್ಡ ಡಬ್ಬಿಯ ಬದಲು ಮೂರು ಸಣ್ಣವುಗಳಲ್ಲಿ ತುಂಬಿಟ್ಟು ಒಂದೊಂದನ್ನೇ ತೆರೆಯುವುದು ಯಾವ ದುಬಾರಿ ಮುಚ್ಚಳಕ್ಕಿಂತಲೂ ಹೆಚ್ಚು ಫಲಕಾರಿ.

ಬೇರೆ ಬಗೆಯ ಮುಚ್ಚಳಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡುವುದು ನ್ಯಾಯ. ಅಮೆರಿಕದ ಅರ್ಲ್ ಟಪ್ಪರ್ 1940ರ ದಶಕದಲ್ಲಿ ಪೇಂಟ್ ತುಂಬಿಡುವ ಡಬ್ಬಿಯ ಮುಚ್ಚಳವನ್ನು ತಲೆಕೆಳಗಾಗಿಸಿದ ರೂಪದಲ್ಲಿ ಪಾಲಿಎಥಿಲೀನಿನ ಮೆತ್ತನೆಯ ಮುಚ್ಚಳವೊಂದನ್ನು ರೂಪಿಸಿದರು. 1949ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಗ್ಯಾಸ್ಕೆಟ್ಟೂ ಇಲ್ಲ, ಕೊಂಡಿಯೂ ಇಲ್ಲ. ಮುಚ್ಚಳದ ಅಂಚಿನ ತೋಡೇ ಡಬ್ಬಿಯ ಬಾಯಿಯನ್ನು ಕಚ್ಚಿ ಹಿಡಿಯುತ್ತದೆ, ನಡುಭಾಗವನ್ನು ಒತ್ತಿ ಅಂಚನ್ನು ಕೊಂಚ ಎತ್ತಿದರೆ ಒಳಗಿನ ಸ್ವಲ್ಪ ಗಾಳಿ ಹೊರಹೋಗಿ ಹಿಡಿತ ಬಿಗಿಯಾಗುತ್ತದೆ. ಬಿಡಿಭಾಗಗಳಿಲ್ಲದ ಮುಚ್ಚಳವೇ ಅತ್ಯಂತ ಶುಚಿಯಾದ ಮುಚ್ಚಳ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಅಂಗಡಿಯಲ್ಲಿ ಸರಿಯಾಗಿ ಮಾರಾಟವಾಗದ ಈ ಡಬ್ಬಿಗಳು ಬ್ರೌನಿ ವೈಸ್ ಎಂಬ ಮಹಿಳೆ ಮನೆಮನೆಯ ಕೂಟಗಳಲ್ಲಿ ಮುಚ್ಚುವ ಕ್ರಮವನ್ನು ತೋರಿಸಿದ ಮೇಲೆ ಜನಪ್ರಿಯವಾದವು. ಮುಚ್ಚಳಕ್ಕೆ ವಿವರಣೆ ಬೇಕಿತ್ತು. ನಮ್ಮ ನಗರಗಳಲ್ಲೂ ಅವು ಮಹಿಳೆಯರ ಇಂತಹ ಕೂಟಗಳ ಮೂಲಕವೇ ಹರಡಿದವು. ಟಪ್ಪರ್ ಕಟ್ಟಿದ ಟಪ್ಪರ್‌ವೇರ್ ಕಂಪನಿ 2024ರ ಸೆಪ್ಟೆಂಬರಿನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿದ ಸುದ್ದಿ ಓದಿದಾಗ ಅಷ್ಟು ಒಳ್ಳೆಯ ಮುಚ್ಚಳ ಮಾಡಿದವರಿಗೆ ಹೀಗಾಯಿತಲ್ಲ ಎಂದು ನನಗೆ ದುಃಖವಾಯಿತು. ಆದರೂ ಮೆತ್ತನೆಯ ಪಾಲಿಎಥಿಲೀನು ಕುದಿಯುವ ಸಾರಿಗೆ ಹೇಳಿಸಿದ್ದಲ್ಲ. ಬಿಸಿ ಅಡುಗೆಗೆ ಕೊಂಡಿಯ ಮುಚ್ಚಳವೇ ಮೇಲು.

ತಿರುಪಿನ ಮುಚ್ಚಳ ಇನ್ನೂ ಹಳೆಯದು. ಜಾನ್ ಲ್ಯಾಂಡಿಸ್ ಮೇಸನ್ ತಿರುಪು ಬಾಯಿಯ ಗಾಜಿನ ಜಾಡಿಗೆ ಪೇಟೆಂಟ್ ಪಡೆದದ್ದು 1858ರಲ್ಲಿ. ದುಂಡು ಬಾಯಿಯನ್ನು ಸುತ್ತಲೂ ಸಮನಾಗಿ ಒತ್ತುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಲೋಹದ ತಿರುಪು ಮುಚ್ಚಳಕ್ಕೆ ಉಪ್ಪಿನಕಾಯಿಯ ಉಪ್ಪು ಮತ್ತು ಹುಳಿ ತಗುಲಿದರೆ ತುಕ್ಕು ಹಿಡಿಯುತ್ತದೆ. ಉಪ್ಪಿನಕಾಯಿಗೆ ಪಿಂಗಾಣಿಯ ಭರಣಿ, ಅದರ ಬಾಯಿಗೆ ಕಟ್ಟಿದ ಒಣ ಬಟ್ಟೆ, ಇದನ್ನು ಬದಲಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಕೊಂಡಿಯ ಡಬ್ಬಿಯನ್ನು ಬಳಸಲೇಬಾರದ ಪದಾರ್ಥವೊಂದಿದೆ: ಹುದುಗುತ್ತಿರುವ ಹಿಟ್ಟು. ದೋಸೆ ಹಿಟ್ಟು ಹುಳಿ ಬರುವಾಗ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತಲೇ ಇರುತ್ತದೆ. ಹೋಗಲು ದಾರಿಯಿಲ್ಲದಿದ್ದರೆ ಮುಚ್ಚಳ ಉಬ್ಬಿ ಕೊಂಡಿ ಹಾರಬಹುದು. ಹಿಟ್ಟು ಉಬ್ಬಿ ಬರುವವರೆಗೆ ತಟ್ಟೆ ಮುಚ್ಚಿದ ಪಾತ್ರೆಯಲ್ಲಿರಲಿ. ಫ್ರಿಜ್ಜಿಗೆ ಹೋದ ಮೇಲೂ ಡಬ್ಬಿಯಲ್ಲಿ ಮೂರನೆಯ ಒಂದು ಭಾಗ ಖಾಲಿ ಬಿಟ್ಟು, ಒಂದು ಕೊಂಡಿಯನ್ನು ಹಾಕದೇ ಇಡುವುದು ಕ್ಷೇಮ.

ಕೊಳ್ಳುವವರು ಮುಚ್ಚಳದ ಒಳಗೆ ತ್ರಿಕೋನದಲ್ಲಿ 5 ಎಂಬ ಅಂಕಿ ಇದೆಯೇ ನೋಡಬೇಕು, ಅದು ಪಾಲಿಪ್ರೊಪಿಲೀನಿನ ಗುರುತು. ಆಹಾರಕ್ಕೆ ಬಳಸುವ ಪಾಲಿಪ್ರೊಪಿಲೀನಿಗೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 10910. ಕೊಂಡಿಗಳನ್ನು ನಾಲ್ಕಾರು ಸಲ ಮಡಚಿ ಕೀಲಿನ ಗೆರೆಯನ್ನು ಬೆಳಕಿಗೆ ಹಿಡಿಯಬೇಕು. ಮಡಿಕೆಯಲ್ಲಿ ಬಿಳಿಚಿದ ಗುರುತು ಮಾತ್ರ ಮೂಡಿದ್ದರೆ ಚಿಂತೆಯಿಲ್ಲ, ಅಂಚಿನಿಂದ ಸೀಳು ಕಂಡರೆ ಅದನ್ನು ವಾಪಸು ಇಡಬೇಕು. ನಾನು ಪರಿಶೀಲಿಸಿದ ಸೆಟ್ಟಿಗೆ ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ: ಸಣ್ಣ ಚೌಕ ಮತ್ತು ದುಂಡು ಡಬ್ಬಿಗಳನ್ನು ಧೈರ್ಯವಾಗಿ ಕೊಳ್ಳಬಹುದು, ದೊಡ್ಡ ಆಯತದ್ದನ್ನು ತರಕಾರಿ ಇಡಲು ಮಾತ್ರ. ಉಳಿದ ಒಂದೂವರೆ ಅಂಕದಲ್ಲಿ ಅರ್ಧ ಅಂಕ ಕಿವಿಯಿಲ್ಲದ ಗ್ಯಾಸ್ಕೆಟ್ಟಿಗಾಗಿ ಮತ್ತು ಜಿನುಗುವ ಮೂಲೆಗಾಗಿ ಕಳೆದದ್ದು. ಪೂರ್ತಿ ಒಂದು ಅಂಕ ಕಳೆದದ್ದು ಬಿಡಿ ಮುಚ್ಚಳ ಸಿಗದಿರುವುದಕ್ಕೆ. ಒಂದು ಕೊಂಡಿ ಮುರಿದ ಕಾರಣಕ್ಕೆ ಚೆನ್ನಾಗಿರುವ ಗಾಜಿನ ಡಬ್ಬಿಯೊಂದು ನಮ್ಮ ಮನೆಯಲ್ಲಿ ಮುಚ್ಚಳವಿಲ್ಲದೆ ಕೂತಿದೆ. ಹಣ ಕೊಡುವ ಮೊದಲು ಅಂಗಡಿಯವರನ್ನು ಇದೊಂದು ಪ್ರಶ್ನೆ ಕೇಳಿ: ಇದೇ ಅಳತೆಯ ಮುಚ್ಚಳವೂ ಗ್ಯಾಸ್ಕೆಟ್ಟೂ ಬಿಡಿಯಾಗಿ ಸಿಗುತ್ತವೆಯೇ? ಸಿಗುತ್ತವೆ ಎಂದರೆ ಬೆಲೆ ಸ್ವಲ್ಪ ಹೆಚ್ಚಾದರೂ ಅದನ್ನೇ ಕೊಳ್ಳಿ.