ಫೋನು, ಕಿಟ್ ಲೆನ್ಸು, 50 ಎಂಎಂ: ಕುಂಬಳೆ ಸೀಮೆಯಲ್ಲಿ ಮೂರನ್ನೂ ಹಿಡಿದು ನೋಡಿದ್ದು

ಪತ್ತನಾಜೆ ಕಳೆದು ಯಕ್ಷಗಾನ ಮೇಳದವರು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರೆ ನಮ್ಮಲ್ಲಿ ಕ್ಯಾಮೆರಾ ಮಾತು ಶುರುವಾಗುತ್ತದೆ. ತಿರುಗಾಟದ ಉದ್ದಕ್ಕೂ ಆಟದ ಫೋಟೋ ತೆಗೆಯಲು ನೋಡಿ, ಫೋನಿನಲ್ಲಿ ಬರೀ ಕೆಂಪು ಮಸುಕು ಸಿಕ್ಕಿದವರು ಕೇಳುವುದು ಒಂದೇ: ಕಲಿಯಲಿಕ್ಕೆ ಏನು ತೆಗೆದುಕೊಳ್ಳಲಿ? ಅಂಗಡಿಯವರು ಎರಡು ಲೆನ್ಸಿನ ಹೊಸ ಸೆಟ್ ತೋರಿಸುತ್ತಾರೆ. ಯೂಟ್ಯೂಬಿನವರು ಕಿಟ್ ಲೆನ್ಸ್ ಪಕ್ಕಕ್ಕಿಡಿ, 50 ಎಂಎಂ ತೆಗೆದುಕೊಳ್ಳಿ ಅನ್ನುತ್ತಾರೆ. ಮನೆಯವರು ಇರುವ ಫೋನೇ ಸಾಲದಾ ಅನ್ನುತ್ತಾರೆ. ಮೂರೂ ಮಾತು ಅರ್ಧರ್ಧ ಸರಿ.

ನಾನು ಮೂರನ್ನೂ ಒಂದೇ ಜಾಗಗಳಿಗೆ ಹೊತ್ತುಕೊಂಡು ಹೋಗಿ ನೋಡಿದ್ದೇನೆ. ಫೋನ್ ಮಧ್ಯಮ ಬೆಲೆಯದು. ಕ್ಯಾಮೆರಾ ಕ್ಯಾನನ್ 1500ಡಿ, 2018ರಲ್ಲಿ ಬಂದ ಮಾಡೆಲ್, ಸೆಕೆಂಡ್ ಹ್ಯಾಂಡ್. ಅದರ ಜತೆಗೆ ಬರುವ 18-55 ಝೂಮ್, ಅಂದರೆ ಕಿಟ್ ಲೆನ್ಸ್ ಒಂದು, ಝೂಮ್ ಇಲ್ಲದ 50 ಎಂಎಂ ಎಫ್1.8 ಒಂದು. ಎಫ್ ಅಂದರೆ ಲೆನ್ಸಿನ ಕಿಂಡಿಯ (ಅಪರ್ಚರ್) ಅಳತೆ; ಅಂಕೆ ಸಣ್ಣದಾದಷ್ಟು ಕಿಂಡಿ ದೊಡ್ಡದು, ಬೆಳಕು ಜಾಸ್ತಿ. ನನ್ನ ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಆಟದ ಫೋಟೋ ಬೇಕು ಅಂತಿದ್ದರೆ ಈ ಮೂರರಲ್ಲಿ ಹಳೆ ಕ್ಯಾಮೆರಾ ಮತ್ತು 50 ಎಂಎಂ, ಬೇರೆ ದಾರಿ ಇಲ್ಲ. ಆಟದ ಹುಚ್ಚು ಇಲ್ಲದವರಿಗೆ 50 ಎಂಎಂ ನಮ್ಮ ಊರಿನಲ್ಲಿ ಅಷ್ಟೇನೂ ಉಪಕಾರಕ್ಕೆ ಬರುವುದಿಲ್ಲ.

ಹಗಲಿನದ್ದು ಬೇಗ ಮುಗಿಸುತ್ತೇನೆ. ಸಂಜೆ ಬೇಕಲ ಕೋಟೆಯ ಮೇಲೆ ನಿಂತರೆ ಫೋನ್ ಗೆಲ್ಲುತ್ತದೆ. ಸೂರ್ಯ ಎದುರಿಗೆ ಕಡಲಿನ ಮೇಲೆ, ಕೆಂಪುಕಲ್ಲಿನ ಗೋಡೆ ನೆರಳಿನಲ್ಲಿ. ಫೋನ್ ಒಂದೇ ಉಸಿರಿಗೆ ಹಲವು ಫ್ರೇಮ್ ತೆಗೆದು, ಬೆರೆಸಿ, ಆಕಾಶವನ್ನೂ ಕಲ್ಲನ್ನೂ ಉಳಿಸಿಕೊಡುತ್ತದೆ. ಕ್ಯಾಮೆರಾದ ಜೆಪೆಗ್‌ನಲ್ಲಿ ಎರಡರಲ್ಲಿ ಒಂದು ಕೈಬಿಡುತ್ತದೆ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಿದ್ದದ ಹಸಿ ಫೈಲಿನಲ್ಲಿ ತೆಗೆದು, ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತರೆ ಕ್ಯಾಮೆರಾದ್ದೇ ಚಂದ. ಆದರೆ ಹೊಸತರಲ್ಲಿ ಹಾಗೆ ಕೂರುವವರು ಕಡಿಮೆ, ಅಲ್ವಾ? ಫೋನಿನ ಮೇಲೆ ನನಗಿರುವ ತಕರಾರು ಒಂದೇ. ಕೆಳದಿಯ ಶಿವಪ್ಪ ನಾಯಕನ ಕಾಲದ ಆ ಗೋಡೆ ಮಳೆ ತಿಂದು ಕಪ್ಪಾಗಿದೆ. ಫೋನ್ ಅದನ್ನು ನಿನ್ನೆ ಪಣೆಯಿಂದ ಕಡಿದು ತಂದ ಕಲ್ಲಿನ ಹಾಗೆ ಕಿತ್ತಳೆ ಮಾಡಿ ಕೊಡುತ್ತದೆ. ಪರದೆ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ಕಲ್ಲಿನ ನಿಜ ಬಣ್ಣ ಸುಮಾರಾಗಿ ವಾಪಸ್ ಬರುತ್ತದೆ.

ಅಡಿಕೆ ತೋಟದಲ್ಲಿ ಕಿಟ್ ಲೆನ್ಸ್ ಮುಂದೆ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇನೆ. ಈ ಕಿಟ್ ಲೆನ್ಸ್ 25 ಸೆಂಟಿಮೀಟರ್ ಹತ್ತಿರಕ್ಕೆ ಹೋದರೂ ಫೋಕಸ್ ಹಿಡಿಯುತ್ತದೆ. 50 ಎಂಎಂಗೆ 35 ಸೆಂಟಿಮೀಟರ್ ದೂರ ಬೇಕು. 55ಕ್ಕೆ ಝೂಮ್ ಮಾಡಿ ಹತ್ತಿರ ಹೋದರೆ ಹಿಂಗಾರದ ಎಳೆ, ಸೋಗೆ ತುದಿಯ ನೀರ ಹನಿ, ಅಂಗಳದಲ್ಲಿ ಒಣಗುವ ಅಡಿಕೆಯ ಸಿಪ್ಪೆ ಎಲ್ಲ 50 ಎಂಎಂಗಿಂತ ದೊಡ್ಡದಾಗಿ ಸಿಗುತ್ತದೆ. ಕೈ ನಡುಕ ತಡೆಯುವ ವ್ಯವಸ್ಥೆಯೂ ಕಿಟ್ ಲೆನ್ಸಿನಲ್ಲೇ ಇದೆ, 50ರಲ್ಲಿ ಇಲ್ಲ. ಮಳೆಗಾಲದ ಮಧ್ಯಾಹ್ನ ತೋಟದೊಳಗೆ ಕತ್ತಲೆ ಕತ್ತಲೆ ಇರುವಾಗ, ಅಲುಗಾಡದ ವಸ್ತುವಿಗೆ ಇದು ದೊಡ್ಡ ಸಹಾಯ. ಫೋನ್ ಇಲ್ಲಿ ಎಲೆಗಳನ್ನೆಲ್ಲ ಅರೆದು ಒಂದೇ ಹಸಿರು ಮಾಡುತ್ತದೆ. ಸಣ್ಣ ಪರದೆಯಲ್ಲಿ ಗೊತ್ತಾಗುವುದಿಲ್ಲ. ಪ್ರಿಂಟ್ ಹಾಕಿಸಿ ನೋಡಿ, ಗೊತ್ತಾಗುತ್ತದೆ.

ಮನೆಯೊಳಗಂತೂ 50 ಎಂಎಂ ಕಷ್ಟ. 1500ಡಿಯ ಸೆನ್ಸರ್, ಅಂದರೆ ಒಳಗೆ ಬೆಳಕು ಹಿಡಿಯುವ ಫಲಕ, ಹಳೆಯ ಫಿಲ್ಮ್ ಅಳತೆಯದಲ್ಲ, ಅದಕ್ಕಿಂತ ಸಣ್ಣದು. ಅದರ ಮೇಲೆ 50 ಎಂಎಂ ಹಾಕಿದರೆ 80 ಎಂಎಂನಷ್ಟು ಬಿಗಿಯಾಗಿ ಕಾಣುತ್ತದೆ. ಚಾವಡಿಯಲ್ಲಿ ಮೂರು ಮೀಟರ್ ಹಿಂದೆ ಹೋಗಿ ನಿಂತರೂ ಅಗಲದಲ್ಲಿ ಸಿಗುವುದು 1.3 ಮೀಟರ್ ಅಷ್ಟೇ. ಅಜ್ಜಿ, ಅವರ ಎರಡು ಪಕ್ಕ ಮೊಮ್ಮಕ್ಕಳು ಕೂತರೆ ಒಬ್ಬರ ತೋಳು ಆಚೆಗೆ. ಹಿಂದೆ ಗೋಡೆ. ಕಿಟ್ ಲೆನ್ಸಿನ 18 ಎಂಎಂನಲ್ಲಿ ಅದೇ ಜಾಗದಿಂದ ಸುಮಾರು 3.7 ಮೀಟರ್ ಅಗಲ ಸಿಗುತ್ತದೆ, ಇಡೀ ಜಗಲಿ ಬರುತ್ತದೆ. ಮದುವೆ ಮನೆಯ ಊಟದ ಪಂಕ್ತಿಗೂ ಅದೇ. ಬೆಂಗಳೂರಿನ ಪಾರ್ಕುಗಳಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ತೆಗೆಯುವವರ ಸಲಹೆಯನ್ನು ನಾವು ಹಾಗೇ ಹಿಡಿದುಕೊಂಡರೆ ಹೀಗಾಗುತ್ತದೆ.

ಈಗ ಆಟಕ್ಕೆ ಬರೋಣ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು ಕ್ಯಾಮೆರಾ ತೆಗೆದುಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾ?

ಮೊದಲು ರಂಗಸ್ಥಳ. ವೇಷ ದಿಗಿಣ ಹಾರುವಾಗ ನಿಲ್ಲಿಸಿ ಹಿಡಿಯಲು ಶಟರ್ ವೇಗ 1/250 ಸೆಕೆಂಡ್ ಆದರೂ ಬೇಕು. ನಮ್ಮ ಕಡೆಯ ಬಯಲಾಟದ ಬೆಳಕಿನಲ್ಲಿ 50 ಎಂಎಂ ಅನ್ನು 1.8ಕ್ಕೆ ಪೂರ್ತಿ ತೆರೆದು, ಐಎಸ್‌ಒ 1600 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯ ಅಂಕೆ) ಇಟ್ಟರೆ ಹೆಚ್ಚಿನ ಕಡೆ ಅದು ಸಿಗುತ್ತದೆ. ಕಿಟ್ ಲೆನ್ಸನ್ನು 55ಕ್ಕೆ ಎಳೆದರೆ ಅದು 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ. ಬೆಳಕು ಹತ್ತರಲ್ಲಿ ಒಂದು ಪಾಲಾಗುತ್ತದೆ. ಅದೇ ಐಎಸ್‌ಒದಲ್ಲಿ ಶಟರ್ 1/25ಕ್ಕೆ ಇಳಿಯುತ್ತದೆ, ದಿಗಿಣ ಬರೀ ಬಣ್ಣದ ಗೀರು. ಶಟರ್ ಬಿಡುವುದಿಲ್ಲ ಅಂತ ಹಟ ಹಿಡಿದರೆ ಐಎಸ್‌ಒ 16000 ಬೇಕು. 1500ಡಿಯಲ್ಲಿ ಇರುವುದು 6400ರ ತನಕ, ಎಳೆದರೆ 12800. ಅಂದರೆ ಇದು ಕೈಚಳಕದ ಮಾತಲ್ಲ. ಕಿಟ್ ಲೆನ್ಸಿನಿಂದ ಆಗುವುದೇ ಇಲ್ಲ.

ಫೋನಿನಲ್ಲೂ ಎಫ್1.8 ಅಂತ ಬರೆದಿದೆಯಲ್ಲ ಎಂದು ಕೇಳುವವರಿದ್ದಾರೆ. ನಿಜ, ಬರೆದಿದೆ. ಆದರೆ ಆ ಬೆಳಕು ಬೀಳುವ ಜಾಗ ನೋಡಿ. ಕ್ಯಾಮೆರಾದ ಸೆನ್ಸರ್ ಮಧ್ಯಮ ಬೆಲೆಯ ಫೋನಿನದ್ದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದು. ಬೆಳಕನ್ನು ಒಟ್ಟು ಮಾಡುವುದರಲ್ಲಿ ಫೋನ್ ಹಿಂದೆ ಬೀಳುವುದು ಅಲ್ಲಿ. ಆ ಕೊರತೆಯನ್ನು ಅದು ನೈಟ್ ಮೋಡಿನಲ್ಲಿ ಹಲವು ಫ್ರೇಮ್ ಸೇರಿಸಿ ತುಂಬಿಸುತ್ತದೆ. ಮಧೂರಿನ ದೇವಸ್ಥಾನದ ಮಾಡಿಗೆ, ಹಚ್ಚಿಟ್ಟ ದೀಪಗಳ ಸಾಲಿಗೆ ಅದು ಬಹಳ ಚಂದ, ಅವು ಕದಲುವುದಿಲ್ಲ. ಮಹಿಷಾಸುರ ಕದಲುತ್ತಾನೆ. ಪೋರ್ಟ್ರೇಟ್ ಮೋಡ್ ಇನ್ನೂ ತಮಾಷೆ. ಹಿನ್ನೆಲೆ ಮಸುಕು ಮಾಡಲು ಹೋಗಿ ಕಿರೀಟದ ಅಂಚಿನ ಕುಸುರಿಯನ್ನೆಲ್ಲ ನುಂಗಿಬಿಡುತ್ತದೆ.

50 ಎಂಎಂನಲ್ಲೂ ಒಂದು ಕಿರಿಕಿರಿ ಇದೆ. ಅಗ್ಗದ ಎಲ್‌ಇಡಿ ಮತ್ತು ಟ್ಯೂಬ್ ಲೈಟುಗಳು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣುವುದಿಲ್ಲ. 1/250ರಲ್ಲಿ ಸಾಲಾಗಿ ತೆಗೆದರೆ ಒಂದು ಫೋಟೋ ಬೆಳ್ಳಗೆ, ಮುಂದಿನದು ಕಪ್ಪು, ಮತ್ತೊಂದಕ್ಕೆ ಅಡ್ಡ ಪಟ್ಟಿ. ಕ್ಯಾಮೆರಾ ಹಾಳಾಗಿದೆ ಅಂತ ಓಡಬೇಡಿ. ಶಟರ್ 1/100ಕ್ಕೆ ಇಳಿಸಿ, ಲೆನ್ಸನ್ನು 2.8ಕ್ಕೆ ಮುಚ್ಚಿ. ಒಟ್ಟು ಬೆಳಕು ಅಷ್ಟೇ ಇರುತ್ತದೆ, ಪಟ್ಟಿ ಹೋಗುತ್ತದೆ, ಲೆನ್ಸ್ ಕೂಡ ಇನ್ನಷ್ಟು ಚೂಪಾಗಿ ಕೊಡುತ್ತದೆ. ಹಾರುವ ಕ್ಷಣ ಸಿಗುವುದಿಲ್ಲ, ಅದು ಬಿಟ್ಟುಬಿಡಿ. ಚೆಂಡೆಯ ಪೆಟ್ಟು ಮುಗಿಯುವಲ್ಲಿ ವೇಷಧಾರಿ ಕೈ ಎತ್ತಿ ಒಂದು ಗಳಿಗೆ ನಿಲ್ಲುತ್ತಾರಲ್ಲ, ಅಲ್ಲಿ ಒತ್ತಿ. ಆಟ ನೋಡಿ ಬೆಳೆದವರಿಗೆ ಆ ಪೆಟ್ಟು ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿರುತ್ತದೆ. ಹೊರಗಿನಿಂದ ದೊಡ್ಡ ಲೆನ್ಸ್ ಹಿಡಿದು ಬಂದವರಿಗೆ ಇದು ಇರುವುದಿಲ್ಲ.

ಹೊಸಬರು ರಂಗಸ್ಥಳಕ್ಕಿಂತ ಮೊದಲು ಚೌಕಿಗೆ, ಅಂದರೆ ಬಣ್ಣ ಹಚ್ಚುವ ಕೋಣೆಗೆ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಕೇಳಿಯೇ ಹೋಗಿ. ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣದ ಚುಟ್ಟಿ ಇಡುತ್ತಾ ಗಂಟೆಗಟ್ಟಲೆ ಕೂತಿರುತ್ತಾರೆ. ಗಡಿಬಿಡಿ ಇಲ್ಲ, ಸೆಟ್ಟಿಂಗ್ ಬದಲಿಸಿ ನೋಡಲು ಬೇಕಾದಷ್ಟು ಸಮಯ. 1.8ರ ನಿಜವಾದ ಸ್ವಭಾವ ಗೊತ್ತಾಗುವುದೂ ಇಲ್ಲೇ. ಎರಡು ಮೀಟರ್ ದೂರದಲ್ಲಿ 50 ಎಂಎಂ ಪೂರ್ತಿ ತೆರೆದರೆ ಸ್ಪಷ್ಟವಾಗಿ ಬರುವ ಆಳ ಹತ್ತು ಸೆಂಟಿಮೀಟರ್ ಆಸುಪಾಸು. ಕಣ್ಣಿಗೆ ಫೋಕಸ್ ಮಾಡಿದರೆ ಚುಟ್ಟಿ ಸಿಗುತ್ತದೆ, ಹಿಂದಿನ ಕೇಸರಿತಟ್ಟಿ ಕಿರೀಟ ಕರಗಿ ಹೋಗುತ್ತದೆ. 4ಕ್ಕೆ ಮುಚ್ಚಿದರೆ ಕನ್ನಡಿ ಹಿಡಿದ ಕೈ ಕೂಡ ಬರುತ್ತದೆ. ಎರಡೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರೆ ಅಪರ್ಚರ್ ಅಂದರೇನು ಎಂದು ಮತ್ತೆ ಯಾರೂ ವಿವರಿಸಬೇಕಾಗಿಲ್ಲ. ಫ್ಲ್ಯಾಶ್ ಮಾತ್ರ ಬೇಡ, ಎಲ್ಲಿಯೂ ಬೇಡ. ಕೋಲ, ತೆಯ್ಯಂ ನಡೆಯುವಲ್ಲಂತೂ ಕ್ಯಾಮೆರಾ ಹೊರಗೆ ತೆಗೆಯುವ ಮೊದಲೇ ಮನೆಯ ಹಿರಿಯರನ್ನು ಕೇಳಿ. ಬೇಡ ಅಂದರೆ ಬೇಡ.

ಕಲಿಯುವ ಲೆಕ್ಕದಲ್ಲಿ ಯಾವುದು ಮೇಲು? ಫೋನ್ ಎಲ್ಲವನ್ನೂ ತಾನೇ ಮಾಡಿ ಮುಗಿಸುತ್ತದೆ, ಏನು ಮಾಡಿತು ಅಂತ ಹೇಳುವುದಿಲ್ಲ. ಆದರೆ ಚೌಕಟ್ಟು ಹಾಕುವುದು, ಹಿನ್ನೆಲೆಯ ಕರೆಂಟ್ ಕಂಬ ತಪ್ಪಿಸುವುದು, ಬಗ್ಗಿ ನೋಡುವುದು ಇಷ್ಟನ್ನು ಫೋನಿನಲ್ಲೇ ಕಲಿಯಬಹುದು. ಅದಕ್ಕೆ ದುಡ್ಡು ಖರ್ಚು ಮಾಡಬೇಡಿ. ಕ್ಯಾಮೆರಾ ಬಂದ ಮೇಲೆ ಡಯಲನ್ನು ಎವಿಗೆ ತಿರುಗಿಸಿ ಅಲ್ಲೇ ಬಿಡಿ. ಅಪರ್ಚರ್ ನೀವು ಇಡಿ, ಶಟರ್ ಅದು ನೋಡಿಕೊಳ್ಳಲಿ. ಮ್ಯಾನುವಲ್ ಬೇಕಾಗುವುದು ರಂಗಸ್ಥಳದಲ್ಲಿ. ಕಪ್ಪು ಹಿನ್ನೆಲೆ ನೋಡಿ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಮೋಸ ಹೋಗುತ್ತದೆ, ಮುಖ ಸುಣ್ಣ ಬಳಿದ ಹಾಗಾಗುತ್ತದೆ. ಝೂಮ್ ಇಲ್ಲದ ಲೆನ್ಸ್ ಕಾಲಿಗೆ ಕೆಲಸ ಕೊಟ್ಟು ಕಲಿಸುತ್ತದೆ ಅನ್ನುತ್ತಾರೆ. ಅದಕ್ಕೇನು, ಕಿಟ್ ಲೆನ್ಸಿನ ಉಂಗುರವನ್ನು 35ರಲ್ಲಿ ಇಟ್ಟು ಒಂದು ಟೇಪ್ ಅಂಟಿಸಿದರೆ ಅದೂ ಕಲಿಸುತ್ತದೆ.

ಅಂಗಡಿಯ ಸೆಟ್ಟಿನ ಎರಡನೆಯ ಲೆನ್ಸ್, ದೂರದ್ದನ್ನು ಹತ್ತಿರ ತರುವ ಆ 55-250, ಸದ್ಯಕ್ಕೆ ಬೇಡ. ಕಿದೂರಿನಲ್ಲಿ ಹಕ್ಕಿ ನೋಡುವ ಆಸೆಗೆ ತೆಗೆದುಕೊಳ್ಳುವವರು ಜಾಸ್ತಿ. ಸಣ್ಣ ಹಕ್ಕಿಗೆ 250 ಸಾಲದು, ಆಟಕ್ಕೆ ಅದರ ಬೆಳಕು ಸಾಲದು. ಅನಂತಪುರದ ಕೆರೆಯಲ್ಲಿ ಬಬಿಯ ಮೊಸಳೆ ಇದ್ದಾಗಲಾದರೆ ಕಟ್ಟೆಯಿಂದ ಅದರ ಫೋಟೋ ತೆಗೆಯಲು ಈ ಲೆನ್ಸ್ ಸರಿಯಾಗುತ್ತಿತ್ತು. 2022ರ ಅಕ್ಟೋಬರಿನಲ್ಲಿ ಬಬಿಯ ಹೋಯಿತು.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಕರಾವಳಿಯಲ್ಲಿ ನೋಡಬೇಕಾದ ಮೊದಲ ಸಂಗತಿ ಫಂಗಸ್. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಒಂದು ಕಡೆಯಿಂದ ಫೋನಿನ ಟಾರ್ಚ್ ಹಾಕಿ, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಗಳು ಕಂಡರೆ ವಾಪಸ್ ಕೊಟ್ಟುಬಿಡಿ, ಎಷ್ಟು ಕಡಿಮೆಗೆ ಕೊಟ್ಟರೂ. ಧೂಳಿನ ಚುಕ್ಕೆ ಇದ್ದರೆ ಪರವಾಗಿಲ್ಲ. ಮನೆಗೆ ತಂದ ಮೇಲೆ ಬ್ಯಾಗಿನಲ್ಲಿ ಹಾಕಿ ಕಪಾಟಿನಲ್ಲಿ ಇಡಬೇಡಿ; ಆಟಿ ತಿಂಗಳ ಥಂಡಿಗೆ ಆ ಬಟ್ಟೆಯೇ ನೀರು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಪರೂಪಕ್ಕೆ ತೆಗೆಯುವ ದುಬಾರಿ ಲೆನ್ಸಿಗಿಂತ ದಿನಾ ಹೊರಗೆ ತೆಗೆಯುವ ಅಗ್ಗದ ಲೆನ್ಸ್ ಇಲ್ಲಿ ಜಾಸ್ತಿ ಬಾಳುತ್ತದೆ.

ಇನ್ನು ನಿಕಾನ್ ನೋಡುವವರಿಗೆ. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಹಳೆಯ 50 ಎಂಎಂ 1.8ಡಿ ಅಗ್ಗಕ್ಕೆ ಸಿಗುತ್ತದೆ ಅಂತ ತಂದರೆ ಫೋಕಸನ್ನು ಕೈಯಲ್ಲೇ ತಿರುಗಿಸಬೇಕು. ಹೆಸರಿನಲ್ಲಿ ಎಎಫ್-ಎಸ್ ಇರುವುದನ್ನೇ ಕೇಳಿ. ಅವರಲ್ಲಿ 35 ಎಂಎಂ 1.8 ಡಿಎಕ್ಸ್ ಅಂತ ಒಂದಿದೆ. ಚಾವಡಿಯಲ್ಲಿ ಅಜ್ಜಿ ಮೊಮ್ಮಕ್ಕಳು ಮೂವರೂ ಹಿಡಿಸುತ್ತಾರೆ, ಆಟಕ್ಕೂ ಬೆಳಕು ಸಾಕು, ಸ್ವಲ್ಪ ಮುಂದೆ ಹೋಗಿ ಕೂರಬೇಕು ಅಷ್ಟೇ. ಕ್ಯಾನನ್ ಕಡೆ ಅಷ್ಟು ಅಗ್ಗಕ್ಕೆ ಅಂಥದ್ದು ಇಲ್ಲ. ಇದೊಂದು ಕಾರಣಕ್ಕೆ, ಈಗ ಹೊಸದಾಗಿ ಶುರು ಮಾಡುವವರು ಕೇಳಿದರೆ ನಾನು ಹಳೆ ನಿಕಾನನ್ನೇ ಹುಡುಕಲು ಹೇಳುತ್ತಿದ್ದೇನೆ.