ಹಲ್ಲು ಕೀಳಿಸುವ ಮೊದಲು ಒಮ್ಮೆ ಯೋಚಿಸಿ: ಮುಖದ ನರಶೂಲೆಯ ಬಗ್ಗೆ ಒಂದು ಎಚ್ಚರಿಕೆ

ನನ್ನ ಬಲಗಡೆಯ ಕೆಳದವಡೆಯಲ್ಲಿ ಈಗ ಮೂರು ಹಲ್ಲುಗಳಿಲ್ಲ. ಮೂರೂ ಗಟ್ಟಿಯಾಗಿದ್ದವು, ಒಂದರಲ್ಲೂ ಹುಳುಕಿರಲಿಲ್ಲ. ನೋವಿನ ಮೂಲ ಮುಖದ ನರದಲ್ಲಿದೆ ಎಂದು ತಿಳಿಯುವಷ್ಟರಲ್ಲಿ ಒಂದು ವರ್ಷ ನಾಲ್ಕು ತಿಂಗಳು ಕಳೆದುಹೋಗಿತ್ತು. ಇನ್ನೊಬ್ಬರಿಗೆ ಹೀಗಾಗಬಾರದೆಂದು ನಡೆದುದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕಿ. ನನಗೆ 53 ವರ್ಷವಾಗಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಹಾಜರಿ ಕೂಗುತ್ತಿದ್ದ ವೇಳೆ ಈ ನೋವು ಮೊದಲ ಬಾರಿಗೆ ಬಂತು. ಕಿವಿಯ ಮುಂಭಾಗದಿಂದ ಕೆಳತುಟಿಯವರೆಗೆ ಕರೆಂಟ್ ಹೊಡೆದಂತಾಗಿ, ಕೈಯಲ್ಲಿದ್ದ ಹಾಜರಿ ಪುಸ್ತಕ ಜಾರಿ ಬಿತ್ತು. ಹತ್ತು ಹದಿನೈದು ಸೆಕೆಂಡುಗಳಲ್ಲಿ ನೋವು ಪೂರ್ತಿಯಾಗಿ ಮಾಯವಾಯಿತು. ಮರುದಿನ ಹಲ್ಲುಜ್ಜುವಾಗ ಅದು ಮತ್ತೆ ಬಂತು; ಆಮೇಲೆ ಮುಖ ತೊಳೆಯುವಾಗ, ರೊಟ್ಟಿ ಅಗಿಯುವಾಗ, ಬಸ್ಸಿನ ಕಿಟಕಿಯ ಗಾಳಿ ಕೆನ್ನೆಗೆ ತಾಗಿದಾಗಲೆಲ್ಲ ಬರತೊಡಗಿತು. ಎರಡು ತಿಂಗಳು ತುಂಬುವುದರೊಳಗೆ ದಿನಕ್ಕೆ ನಲವತ್ತು ಐವತ್ತು ಬಾರಿ ಹೊಡೆಯುವ ಸ್ಥಿತಿ ಬಂದೊದಗಿತು. ಲವಂಗದೆಣ್ಣೆ ಹಚ್ಚಿದ್ದಾಯಿತು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದ್ದಾಯಿತು, ಔಷಧಿ ಅಂಗಡಿಯಲ್ಲಿ ಕೊಟ್ಟ ನೋವಿನ ಮಾತ್ರೆಗಳನ್ನೆಲ್ಲ ನುಂಗಿದ್ದಾಯಿತು. ಯಾವುದೂ ಫಲ ಕೊಡಲಿಲ್ಲ.

ನೋವು ಒಸಡಿನ ಆಸುಪಾಸಿನಲ್ಲಿ ಕಾಣಿಸಿಕೊಳ್ಳುತ್ತಿದ್ದುದರಿಂದ ಹಲ್ಲಿನ ಆಸ್ಪತ್ರೆಯೊಂದಕ್ಕೆ ಹೋದೆ. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ. ಆದರೂ ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿದರು. ಅದರಿಂದ ಕಡಿಮೆಯಾಗದಿದ್ದಾಗ ಅದೇ ಹಲ್ಲನ್ನು ಕಿತ್ತರು. ವಿಚಿತ್ರವೆಂದರೆ, ಕಿತ್ತ ನಾಲ್ಕೈದು ದಿನಗಳಲ್ಲಿ ನೋವು ನಿಂತಿತು, ಏಳು ವಾರಗಳ ಕಾಲ ಒಮ್ಮೆಯೂ ಬರಲಿಲ್ಲ. ನಾವೆಲ್ಲರೂ ಮೋಸಹೋದದ್ದು ಇಲ್ಲಿಯೇ. ಈ ಕಾಯಿಲೆಯ ಸ್ವಭಾವವೇ ಹಾಗೆ: ಕೆಲವು ವಾರ, ಕೆಲವರಲ್ಲಿ ಕೆಲವು ತಿಂಗಳು, ಯಾವ ಚಿಕಿತ್ಸೆಯೂ ಇಲ್ಲದೆ ತಾನಾಗಿ ಅಡಗಿ, ಆನಂತರ ಮರಳಿ ಬರುತ್ತದೆ. ಅದು ತಾನಾಗಿ ಅಡಗಿದ್ದನ್ನು ಹಲ್ಲು ಕಿತ್ತದ್ದರ ಫಲವೆಂದು ನಂಬಿದ್ದರಿಂದ, ನೋವು ಮರಳಿದಾಗ ಪಕ್ಕದ ಹಲ್ಲಿನ ಮೇಲೆ ಅನುಮಾನ ಬಂತು, ಅದನ್ನೂ ಕೀಳಿಸಿದ ಮೇಲೆ ಅದರ ಪಕ್ಕದ್ದರ ಮೇಲೆ ಬಂತು. ಮೂರನೆಯದನ್ನು ನಾನೇ ಒತ್ತಾಯಿಸಿ ಕೀಳಿಸಿಕೊಂಡೆ ಎಂಬುದನ್ನು ಮುಚ್ಚಿಡುವುದಿಲ್ಲ. ಆ ನೋವಿನಲ್ಲಿರುವವರು ಇಡೀ ದವಡೆಯನ್ನು ತೆಗೆಯುತ್ತೇನೆಂದರೂ ಒಪ್ಪಿಬಿಡುತ್ತಾರೆ. ಆದ್ದರಿಂದಲೇ ಆ ಹೊತ್ತಿನಲ್ಲಿ ಬೇಡವೆಂದು ತಡೆಯುವ ವಿವೇಕ ಉಪಕರಣ ಹಿಡಿದವರಿಗೆ ಇರಬೇಕಿತ್ತು ಎಂದು ಇಂದಿಗೂ ನನಗೆ ಅನ್ನಿಸುತ್ತದೆ.

ಕೊನೆಗೆ ನನ್ನನ್ನು ಸರಿಯಾದ ದಾರಿಗೆ ಹಚ್ಚಿದವರೂ ಒಬ್ಬ ದಂತವೈದ್ಯೆಯೇ. ನಾಲ್ಕನೆಯ ಹಲ್ಲನ್ನು ತೋರಿಸಲು ಬೇರೊಂದು ಊರಿಗೆ ಹೋಗಿದ್ದಾಗ, ಅವರು ಬಾಯಿ ತೆರೆಯಿಸುವ ಮೊದಲು ನೋವು ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದಾಗ ಬರುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ ಎಂದು ಕೇಳಿದರು. ನನ್ನ ಉತ್ತರಗಳನ್ನು ಕೇಳಿದ ಮೇಲೆ, ಹಲ್ಲನ್ನು ಮುಟ್ಟದೆ, ನರರೋಗ ತಜ್ಞರಿಗೆ ಚೀಟಿ ಬರೆದುಕೊಟ್ಟರು.

ಕಾಯಿಲೆಯ ಹೆಸರು ಟ್ರೈಜೆಮಿನಲ್ ನ್ಯುರಾಲ್ಜಿಯಾ, ಅಂದರೆ ಮುಖದ ನರಶೂಲೆ. ಮುಖದ ಸ್ಪರ್ಶವನ್ನೂ ನೋವನ್ನೂ ಮಿದುಳಿಗೆ ಒಯ್ಯುವ ಐದನೆಯ ಕಪಾಲನರಕ್ಕೆ (ಮಿದುಳಿನಿಂದ ನೇರವಾಗಿ ಹೊರಡುವ ನರಗಳಲ್ಲೊಂದು) ಮೂರು ಕವಲುಗಳಿವೆ: ಹಣೆ ಮತ್ತು ಕಣ್ಣಿನ ಭಾಗಕ್ಕೆ ಒಂದು, ಕೆನ್ನೆ ಮತ್ತು ಮೇಲ್ದವಡೆಗೆ ಒಂದು, ಕೆಳದವಡೆಗೆ ಇನ್ನೊಂದು. ಹೆಚ್ಚಿನವರಲ್ಲಿ ನೋವು ಕಾಣಿಸಿಕೊಳ್ಳುವುದು ಕೊನೆಯ ಎರಡು ಕವಲುಗಳಲ್ಲಿ. ಹಲ್ಲುಗಳಿಗೆ ಹೋಗುವ ನರಗಳೂ ಅವುಗಳದ್ದೇ ಆದ್ದರಿಂದ ರೋಗಿಗೂ ವೈದ್ಯರಿಗೂ ಗೊಂದಲವಾಗುತ್ತದೆ. ಬಹಳಷ್ಟು ರೋಗಿಗಳಲ್ಲಿ ಈ ನರವು ಮಿದುಳುಕಾಂಡದಿಂದ ಹೊರಡುವ ಜಾಗದಲ್ಲಿ ರಕ್ತನಾಳವೊಂದು ಅದಕ್ಕೆ ಒತ್ತಿಕೊಂಡಿರುತ್ತದೆ. ಆ ಒತ್ತಡದಿಂದ ನರದ ಹೊದಿಕೆ ಸವೆದು, ಕೆನ್ನೆಗೆ ತಾಗಿದ ಗಾಳಿಯೂ ಸಿಡಿಲಿನಂತಹ ನೋವಾಗಿ ಮಿದುಳನ್ನು ತಲುಪುತ್ತದೆ. ಕೆಲವರಲ್ಲಿ ಗಡ್ಡೆಯಿಂದ ಅಥವಾ ನರಗಳ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಿಂದಲೂ ಹೀಗಾಗುವುದರಿಂದ ಎಂಆರ್‌ಐ ಮಾಡಿಸಲು ಹೇಳುತ್ತಾರೆ. ಐವತ್ತು ದಾಟಿದವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಇದು ಹೆಚ್ಚು. ಫ್ರಾನ್ಸಿನ ಶಸ್ತ್ರವೈದ್ಯ ನಿಕೊಲಾ ಆಂದ್ರೆ 1756ರಲ್ಲಿಯೇ ಇದಕ್ಕೊಂದು ಹೆಸರು ಕೊಟ್ಟಿದ್ದರಂತೆ. ಅಷ್ಟು ಹಿಂದೆಯೇ ಗುರುತಿಸಿದ್ದ ಕಾಯಿಲೆಗಾಗಿ ಇಂದಿಗೂ ಹಲ್ಲು ಕೀಳುತ್ತಿದ್ದಾರಲ್ಲ ಎಂಬುದೇ ನನ್ನ ಸಂಕಟ.

ಆ ದಂತವೈದ್ಯೆ ಕೇಳಿದ ಪ್ರಶ್ನೆಗಳ ಅರ್ಥ ನನಗೆ ಆಮೇಲೆ ತಿಳಿಯಿತು. ಹಲ್ಲಿನೊಳಗೆ ಸೋಂಕಾದಾಗ ನೋವು ಮಿಡಿಯುತ್ತ ಗಂಟೆಗಟ್ಟಲೆ ಉಳಿಯುತ್ತದೆ, ಬಿಸಿ ಅಥವಾ ತಣ್ಣನೆಯದನ್ನು ಕುಡಿದ ಮೇಲೆ ಬಹಳ ಹೊತ್ತು ಕಾಡುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ನರಶೂಲೆ ಮುಖದ ಒಂದೇ ಪಕ್ಕದಲ್ಲಿ, ಕ್ಷಣಾರ್ಧದಿಂದ ಹೆಚ್ಚೆಂದರೆ ಎರಡು ನಿಮಿಷದವರೆಗೆ ಇದ್ದು, ಫಕ್ಕನೆ ಬಂದಂತೆಯೇ ಫಕ್ಕನೆ ಹೋಗುತ್ತದೆ. ಮೆಲ್ಲನೆಯ ಸ್ಪರ್ಶವೂ ಅದನ್ನು ಕೆರಳಿಸುತ್ತದೆ, ಗಾಢ ನಿದ್ದೆಯಲ್ಲಿ ಮಾತ್ರ ಸಾಮಾನ್ಯವಾಗಿ ಸುಮ್ಮನಿರುತ್ತದೆ. ನನಗಂತೂ ಮೂಗುತಿಗೆ ಸೆರಗು ತಾಗಿದರೂ ಸಾಕಿತ್ತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಾಗ ನೋವು ನಿಂತರೆ ಅದು ಹಲ್ಲಿನದೇ ಎಂದುಕೊಳ್ಳಬೇಡಿ. ನರಶೂಲೆಯೂ ಅದರಿಂದ ತಾತ್ಕಾಲಿಕವಾಗಿ ನಿಲ್ಲಬಹುದು. ಎಕ್ಸ್‌ರೇಯಲ್ಲಿ ದೋಷ ಕಾಣದ ಹಲ್ಲನ್ನು ಕೀಳುವ ಮಾತು ಬಂದರೆ ಕಾರಣವನ್ನು ಸ್ಪಷ್ಟವಾಗಿ ಕೇಳಿ, ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಿರಿ. ನೋವು ಬಂದ ಸಮಯ, ಇದ್ದ ಅವಧಿ, ಆಗ ಏನು ಮಾಡುತ್ತಿದ್ದಿರಿ ಎಂಬುದನ್ನು ಒಂದು ವಾರ ಬರೆದಿಟ್ಟು ತೋರಿಸಿದರೆ ಬಹಳ ಅನುಕೂಲ.

ಮನೆಯವರಿಗೂ ಕೆಲವು ಮಾತು ಹೇಳಬೇಕು. ಹೊರಗೆ ಊತವಿಲ್ಲ, ಜ್ವರವಿಲ್ಲ, ವರದಿಗಳಲ್ಲಿ ಏನೂ ಇಲ್ಲ. ಹೀಗಾಗಿ ನಂಬುವುದು ಕಷ್ಟವೆಂದು ನನಗೂ ಗೊತ್ತು. ಆದರೆ "ಹಲ್ಲುನೋವಿಗೆ ಇಷ್ಟೊಂದು ಅಳುವುದೇ" ಎಂದು ನಮ್ಮ ಅತ್ತಿಗೆಯವರು ಹೇಳಿದ ದಿನ ನನಗಾದ ಒಂಟಿತನ ನೋವಿಗಿಂತ ದೊಡ್ಡದಾಗಿತ್ತು. ಶಾಲೆಯಲ್ಲಿ ಮಾತು ಕಡಿಮೆ ಮಾಡಿದ್ದನ್ನು ಕೆಲವರು ಸೊಕ್ಕು ಎಂದುಕೊಂಡರು. ಇದಕ್ಕೆ ವಿರುದ್ಧವಾಗಿ, ನಮ್ಮ ಯಜಮಾನರು ಏನನ್ನೂ ಕೇಳದೆ ಫ್ಯಾನಿನ ದಿಕ್ಕು ತಿರುಗಿಸಿಟ್ಟರು, ಅನ್ನವನ್ನು ಮೆತ್ತಗೆ ಮಾಡಿ ಉಗುರುಬೆಚ್ಚಗೆ ಬಡಿಸಿದರು, ಫೋನ್ ಬಂದಾಗ ನನ್ನ ಪರವಾಗಿ ತಾವೇ ಮಾತನಾಡಿದರು. ಹಾಜರಿ ಕೂಗುವ ಕೆಲಸವನ್ನು ತರಗತಿಯ ಹುಡುಗಿಯೊಬ್ಬಳು ತಾನಾಗಿ ವಹಿಸಿಕೊಂಡಳು. ನೋವು ಹೊಡೆಯುತ್ತಿರುವಾಗ ಮೈ ಮುಟ್ಟಿ ಸಮಾಧಾನ ಮಾಡಲು ಹೋಗಬೇಡಿ, ಉತ್ತರ ಹೇಳೆಂದು ಒತ್ತಾಯಿಸಬೇಡಿ. ಅದು ಹಾದುಹೋಗುವವರೆಗೆ ಸುಮ್ಮನೆ ಜೊತೆಯಲ್ಲಿರಿ. ಬದುಕೇ ಬೇಡವೆನ್ನುವ ಮಾತು ಬಾಯಿಂದ ಬಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳದೆ ತಕ್ಷಣ ವೈದ್ಯರಿಗೆ ತಿಳಿಸಿ.

ನರರೋಗ ತಜ್ಞರು ನನಗೆ ಕೊಟ್ಟದ್ದು ಕಾರ್ಬಮಜೆಪೈನ್, ಅಂದರೆ ಮೂರ್ಛೆರೋಗಕ್ಕೂ ಬಳಸುವ ಮಾತ್ರೆ. ಮೂರನೆಯ ದಿನಕ್ಕೆ ನಾನು ಹೆದರದೆ ಮುಖ ತೊಳೆದುಕೊಂಡೆ. ಮಾತ್ರೆಗೆ ಬಗ್ಗದವರಿಗೆ, ಕಿವಿಯ ಹಿಂಭಾಗದಲ್ಲಿ ತಲೆಬುರುಡೆ ತೆರೆದು ರಕ್ತನಾಳವನ್ನು ನರದಿಂದ ಬಿಡಿಸಿಡುವ ಶಸ್ತ್ರಚಿಕಿತ್ಸೆಯೂ ಸೇರಿದಂತೆ ಬೇರೆ ದಾರಿಗಳಿವೆ. ಆದರೆ ಇದನ್ನು ಓದಿದ ಯಾರೂ ದಯವಿಟ್ಟು ಈ ಮಾತ್ರೆಯನ್ನು ಅಂಗಡಿಯಿಂದ ತಾವಾಗಿ ತಂದು ನುಂಗಬಾರದು. ಕೆಲವರಲ್ಲಿ, ಅದರಲ್ಲೂ ಏಷ್ಯಾದ ಜನರಲ್ಲಿ ಕಂಡುಬರುವ ಒಂದು ವಂಶವಾಹಿ ಇರುವವರಲ್ಲಿ, ಇದು ಚರ್ಮವೇ ಸುಲಿಯುವಂತಹ ಪ್ರಾಣಾಪಾಯದ ಪ್ರತಿಕ್ರಿಯೆಯನ್ನು ಉಂಟುಮಾಡಬಲ್ಲದು. ರಕ್ತದ ಸೋಡಿಯಂ ಇಳಿಯಬಹುದು, ತಲೆ ಸುತ್ತಬಹುದು. ಮೈಮೇಲೆ ಗಂಧೆ ಎದ್ದರೆ ಅಥವಾ ಬಾಯಲ್ಲಿ ಹುಣ್ಣಾದರೆ ಅದೇ ದಿನ ವೈದ್ಯರನ್ನು ಕಾಣಬೇಕು. ನನಗೆ ಸಣ್ಣ ಪ್ರಮಾಣದಿಂದ ಆರಂಭಿಸಿ, ರಕ್ತಪರೀಕ್ಷೆ ಮಾಡಿಸುತ್ತ, ಹಂತ ಹಂತವಾಗಿ ಹೆಚ್ಚಿಸಿದರು. ಈಗಲೂ ಅವರ ಮಾತಿಲ್ಲದೆ ಒಂದು ಮಾತ್ರೆಯನ್ನೂ ನಾನು ಬಿಡುವುದಿಲ್ಲ.