‘ಬರಹ ನಮಗೆ ಬಿಡಿ’ ಎಂದರೆ ಬಿಡಬೇಡಿ

ಪುಣೆಯಲ್ಲಿ ರೊಟ್ಟಿ, ಚಟ್ನಿ, ಹಪ್ಪಳ ಮಾಡಿ ಮಾರುವ ನನ್ನಂಥವರು ಯಾರಾದರೂ ವೆಬ್‌ಸೈಟ್ ಮಾಡಿಸಲು ಹೊರಟಿದ್ದರೆ, ಮುಂಗಡ ಕೊಡುವ ಮೊದಲು ಇದನ್ನೊಮ್ಮೆ ಓದಿ.

ನಾನು ವಿಜಯಪುರದವಳು. ಕೊಥ್ರೂಡ್‌ನಲ್ಲಿ ಮನೆಯಲ್ಲೇ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಹೋಳಿಗೆ ಮಾಡಿ ಕೊಡುತ್ತೇನೆ. ಕೆಲಸಕ್ಕೆ ಇಬ್ಬರು ಹೆಂಗಸರಿದ್ದಾರೆ. ಕಳೆದ ದಸರೆಗೆ ಮುಂಚೆ ಒಬ್ಬ ಹುಡುಗನಿಗೆ 18,000 ರೂಪಾಯಿಗೆ ಕೆಲಸ ಒಪ್ಪಿಸಿದೆ, ಅರ್ಧ ಮುಂಗಡ. “ಬರಹದ ಚಿಂತೆ ಬಿಡಿ ಕಾಕು, ಅದೆಲ್ಲ ನಮ್ಮದು. ನೀವು ಬಣ್ಣ ಹೇಳಿ ಸಾಕು” ಎಂದ. ನಾನೂ ಮೂರು ವಾರ ಅರಿಸಿನದ ಹಳದಿಯೋ ಕುಂಕುಮದ ಕೆಂಪೋ ಎಂದು ಮನೆಯವರ ತಲೆ ತಿಂದೆ. ಪುಟದಲ್ಲಿ ಏನು ಬರೆದಿರಬೇಕು ಎಂದು ಒಂದು ದಿನವೂ ಯೋಚಿಸಲಿಲ್ಲ. ಸಿದ್ಧವಾದಾಗ ಇಂಗ್ಲಿಷ್ ಚೆಂದ ಕಂಡಿತು, ಓದದೆಯೇ ತಲೆಯಾಡಿಸಿದೆ.

ದೀಪಾವಳಿಯ ಹೊತ್ತಿಗೆ ಬಾಣೇರ್‌ನಿಂದ ಒಬ್ಬ ತಾಯಿ ಫೋನ್ ಮಾಡಿದರು. “ಹೂರಣದ ಹೋಳಿಗೆ ಬೇಕಿತ್ತು. ನಿಮ್ಮ ಅಡುಗೆಮನೆಗೆ ಶೇಂಗಾ ಬರುವುದೇ ಇಲ್ಲ ಎಂದು ಬರೆದಿದ್ದೀರಿ, ನಿಜ ತಾನೆ? ಮಗನಿಗೆ ಶೇಂಗಾ ಆಗುವುದಿಲ್ಲ, ಉಸಿರು ಕಟ್ಟುತ್ತದೆ.”

ಆಗ ನನ್ನೆದುರಿಗೇ ಹುರಿದ ಶೇಂಗಾ ಕೇರುತ್ತಿದ್ದರು. ಮೊರದಿಂದ ಹಾರಿದ ಕೆಂಪು ಸಿಪ್ಪೆ ಹೋಳಿಗೆ ಡಬ್ಬಿಯ ಮುಚ್ಚಳದ ಮೇಲೂ ಕುಳಿತಿತ್ತು. ಬೇಡ ತಾಯಿ, ನಮ್ಮಲ್ಲಿ ತೆಗೆದುಕೊಳ್ಳಬೇಡಿ ಎಂದೆ. ಫೋನ್ ಇಟ್ಟ ಮೇಲೂ ಕೈ ನಡುಗುತ್ತಿತ್ತು. ಆಕೆ ಕೇಳದೆ ತರಿಸಿದ್ದರೆ?

ಅಂದು ರಾತ್ರಿ ನನ್ನದೇ ವೆಬ್‌ಸೈಟನ್ನು ಮೊದಲ ಸಲ ಓದಿದೆ. ‘1985ರಿಂದ ನಿಮ್ಮ ಸೇವೆಯಲ್ಲಿ’ ಎಂದಿತ್ತು. ಆ ವರ್ಷ ನಾನು ಎರಡನೆಯ ತರಗತಿಯಲ್ಲಿದ್ದೆ. ವಿಳಾಸದ ಪಿನ್ 400ರಿಂದ ಶುರು. ಅದು ಮುಂಬೈಯದು, ಪುಣೆಯದು 411. ಒಂದು ವಾಕ್ಯವನ್ನು ಹಾಗೆಯೇ ಗೂಗಲ್‌ನಲ್ಲಿ ಹಾಕಿದಾಗ ಮುಂಬೈಯ ಅಡುಗೆಯವರೊಬ್ಬರ ಸೈಟ್ ಸಿಕ್ಕಿತು, ಅಕ್ಷರಕ್ಕೆ ಅಕ್ಷರ ಅದೇ. ಶೇಂಗಾ ಇಲ್ಲದ ಅಡುಗೆಮನೆಯೂ ಅವರದೇ. ತಿನಿಸುಗಳ ಪಟ್ಟಿಯ ಜಾಗದಲ್ಲಿ ‘ಶೀಘ್ರದಲ್ಲೇ’. ಆಹಾರ ಪರವಾನಗಿಯ 14 ಅಂಕಿಗಳ ಜಾಗದಲ್ಲಿ ಬರೀ ಸೊನ್ನೆ. ಇನ್ನೊಂದು ಪುಟದ ತುಂಬ ‘ಲೋರೆಮ್ ಇಪ್ಸಮ್’. ಅದು ಕಂಪ್ಯೂಟರ್ ಭಾಷೆ ಎಂದುಕೊಂಡಿದ್ದೆ. ರೋಮಿನ ಸಿಸೆರೋ ಬರೆದ ಲ್ಯಾಟಿನ್ನನ್ನು ಕಲಸಿ ಮಾಡಿದ ಜಾಗ ತುಂಬುವ ಬರಹವಂತೆ. ರೊಟ್ಟಿ ಮಾರಲು ಸಿಸೆರೋ!

ಹುಡುಗನನ್ನು ಕೇಳಿದರೆ, “ಎಲ್ಲರೂ ಹೀಗೇ ಮಾಡುವುದು ಕಾಕು. ತಿದ್ದಬೇಕಾದರೆ ಪುಟಕ್ಕೆ 1,500” ಎಂದ. ಡೊಮೈನ್ ಹೆಸರನ್ನೂ, ಅಂದರೆ ವೆಬ್‌ಸೈಟಿನ ವಿಳಾಸವನ್ನೂ, ತನ್ನ ಇಮೇಲ್‌ನಲ್ಲೇ ನೋಂದಾಯಿಸಿಕೊಂಡಿದ್ದ. ಇದೊಂದನ್ನು ಮಾತ್ರ ಯಾರ ಕೈಗೂ ಕೊಡಬೇಡಿ. ನಿಮ್ಮ ಇಮೇಲ್, ನಿಮ್ಮ ಹಣ, ನಿಮ್ಮ ಪಾಸ್‌ವರ್ಡ್.

ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಫೋನಿನ ಪಕ್ಕ ಹಾಲಿನ ಲೆಕ್ಕದ ಪುಸ್ತಕ ಇಟ್ಟು, ಗಿರಾಕಿಗಳು ಕೇಳಿದ್ದನ್ನೆಲ್ಲ ಎರಡು ವಾರ ಅವರ ಮಾತಿನಲ್ಲೇ ಬರೆದುಕೊಂಡೆ. ರೊಟ್ಟಿ ಎಷ್ಟು ದಿನ ಇರುತ್ತದೆ? ಕಡಿಮೆಯೆಂದರೆ ಎಷ್ಟು ತೆಗೆದುಕೊಳ್ಳಬೇಕು? ಹಡಪ್ಸರ್‌ಗೆ ತಂದು ಕೊಡುತ್ತೀರಾ? ಬೆಳ್ಳುಳ್ಳಿ ಹಾಕದ ಚಟ್ನಿ ಉಂಟೇ? ‘ನಿಮ್ಮ ಧ್ಯೇಯವೇನು’ ಎಂದು ಒಬ್ಬರೂ ಕೇಳಲಿಲ್ಲ, ಹುಡುಗ ಮಾತ್ರ ಅದಕ್ಕೇ ಒಂದು ಪುಟ ಕೊಟ್ಟಿದ್ದ. ಆ ಪುಸ್ತಕದಿಂದ ಮೂರು ಪುಟದ ವಿಷಯ ಹೊರಟಿತು: ಏನೇನು ಸಿಗುತ್ತದೆ ಮತ್ತು ಬೆಲೆ, ತರಿಸುವುದು ಹೇಗೆ, ನಾವು ಯಾರು. ಫೋಟೋ ಮಗಳ ಮೊಬೈಲಿನದು, ರೊಟ್ಟಿ ನಮ್ಮದೇ. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ: ‘ಇದೇ ಅಡುಗೆಮನೆಯಲ್ಲಿ ಶೇಂಗಾ, ಎಳ್ಳು ಬಳಸುತ್ತೇವೆ.’

ಹೊಸ ಸೈಟಿಗೆ ಹೊಸ ಹೆಸರು ಕೊಳ್ಳಬೇಕಾಯಿತು. ಹಳೆಯದು ಅವನ ಹಿಡಿತದಲ್ಲಿ ಹಾಗೆಯೇ ನಿಂತಿದೆ, ಕೆಳಗೆ ನನ್ನ ಮೊಬೈಲ್ ಸಂಖ್ಯೆಯ ಸಮೇತ. ಮೊನ್ನೆ ಗುರುವಾರವೂ ಅದನ್ನು ನೋಡಿ ಒಬ್ಬರು ಫೋನ್ ಮಾಡಿದ್ದರು: “ಶೇಂಗಾ ಇಲ್ಲ ತಾನೆ?”